ಪಾತಾಳಮಂಡೂಕವೂ ವಿದ್ಧಚಿತ್ರವೂ

ಧಾರವಾಡ ಪ್ರಾಂತದ ಯಾವ ಹಳ್ಳಿಯಲ್ಲಿಯಾದರೂ ಹಳೆಯ ಕಲ್ಲುಗುಡಿಯೊಂದನ್ನು ತೋರಿಸಿ ಇದನ್ನು ಕಟ್ಟಿದವರಾರೆಂದು ಕೇಳಿದರೆ, ಜಖಣಾಚಾರಿಯೆಂಬ ಉತ್ತರವು ತಡೆಯಿಲ್ಲದೆ ಬರುತ್ತದೆ. ಗುಡಿಯು ಕಲ್ಯಾಣ ಚಾಲುಕ್ಯರ ಕಾಲದ್ದೋ ಸೇವುಣರ ಕಾಲದ್ದೋ ಎಂಬ ವಿಚಾರವು ಆ ಉತ್ತರಕ್ಕೆ ಅಡ್ಡಬರುವುದಿಲ್ಲ. ಈ ಜಖಣಾಚಾರಿಯ ಹೆಸರಿನೊಡನೆ ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯೂ ಕನ್ನಡನಾಡಿನ ಮೂಲೆ ಮೂಲೆಗೆ ಹಬ್ಬಿದೆ. ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದ ಕಲ್ಲಿನಲ್ಲಿ ದೋಷವುಂಟೆಂದು ಅಪರಿಚಿತನಾದ ಯುವಕನೊಬ್ಬನು ನುಡಿದನು. ಹಿರಿಯ ಶಿಲ್ಪಿಯು ಕೆರಳಿ, ದೋಷವನ್ನು ತೋರಿಸಿಕೊಟ್ಟಲ್ಲಿ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವುದಾಗಿ ಪಣ ತೊಟ್ಟನು. ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸಲಾಗಿ ಅದು ನಾಭಿಯ ಭಾಗವೊಂದನ್ನು ಬಿಟ್ಟು ಉಳಿದೆಡೆಯಲ್ಲೆಲ್ಲ ಒಣಗಿತು. ಅಲ್ಲಿ ಉಳಿಯನ್ನಿಡಲು ನೀರು, ಮರಳು ಮತ್ತು ಜೀವಂತವಾದ ಕಪ್ಪೆಯೊಂದು ಹೊರಬಂದವು. ಆ ಯುವಕನು ಶಿಲ್ಪಿಯ ಮಗನಾದ ಡಂಕಣನೇ ಆಗಿದ್ದನೆಂಬುದು ಕಥೆಯ ಕೊನೆ.

ಇತಿಹಾಸದ ಒರೆಗಲ್ಲಿಗೆ ಹಚ್ಚಿದರೆ ಈ ಕಥೆಯಲ್ಲಿ ಉಳಿಯುವುದು ಅತ್ಯಲ್ಪ. ಬೇಲೂರಿನ ವಿಜಯನಾರಾಯಣನ ಪ್ರತಿಷ್ಠೆಯು 1117ರಲ್ಲಿ ವಿಷ್ಣುವರ್ಧನನಿಂದ ಆಯಿತು. ಕಪ್ಪೆ ಚೆನ್ನಿಗರಾಯನ ಗುಡಿಯು ಅವನ ರಾಣಿಯಾದ ಶಾಂತಲಾದೇವಿಯು ಮಾಡಿಸಿದುದು. ಅಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಹಲವರು ತಮ್ಮ ಹೆಸರುಗಳನ್ನು ತಾವೇ ಕಲ್ಲಿನ ಮೇಲೆ ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅವರಲ್ಲಿ ಪ್ರಸಿದ್ಧರು. ಜಖಣನ ಹೆಸರು ಮಾತ್ರ ಅಲ್ಲಿಲ್ಲ. ಆದರೆ ಕಥೆಯು ಸುಳ್ಳೆಂದಮಾತ್ರಕ್ಕೆ ಅದರ ಹಿಂದಿರುವ ನಂಬುಗೆಯು ಸುಳ್ಳಾಗಲಾರದು. ಗಾಳಿಬೆಳಕುಗಳಿಲ್ಲದ ಎಡೆಯಲ್ಲಿ, ಅನ್ನಪಾನಗಳಿಲ್ಲದೆ, ಎಣಿಕೆಗೆ ಸಿಗದಷ್ಟು ಕಾಲ ಬದುಕಿರಬಲ್ಲ ಪ್ರಾಣಿಯೊಂದಿದ್ದರೆ ಅದು ಕಪ್ಪೆಯೇ ಎಂಬುದು ಆ ನಂಬುಗೆ. ಇದು ಕನ್ನಡಿಗರಿಗೆ ಮಾತ್ರ ಮೀಸಲಾದುದಲ್ಲ. ಕಲ್ಲಿನೊಳಗಿನ ಕಪ್ಪೆಯ ಸಂಗತಿಗಳು ಯುರೋಪಿನಲ್ಲಿಯೂ ಹಲವು ಶತಮಾನಗಳಿಂದ ಹೇಳಲ್ಪಡುತ್ತಿದ್ದವು. ಅದನ್ನು ಪರೀಕ್ಷಿಸುವುದಕ್ಕಾಗಿ ವಿಲಿಯಂ ಬಕ್ಲೆಂಡ್ ಎಂಬ ಆಂಗ್ಲ ಭೂಶಾಸ್ತ್ರಜ್ಞನು 1825ರಲ್ಲಿ ಸುಣ್ಣಕಲ್ಲು ಮರಳುಗಲ್ಲುಗಳಲ್ಲಿ ಗುಳಿಗಳನ್ನು ಕೊರೆಯಿಸಿ, ಅವುಗಳಲ್ಲಿ ನೆಲಗಪ್ಪೆಗಳನ್ನಿಟ್ಟು ಮುಚ್ಚಿಸಿ, ತನ್ನ ತೋಟದಲ್ಲಿ ಹೂಳಿಸಿದನು. ವರ್ಷಾಂತ್ಯದಲ್ಲಿ ತೆರೆಯಲಾಗಿ, ಒತ್ತಾದ ಮರಳುಗಲ್ಲಿನಲ್ಲಿದ್ದವೆಲ್ಲ ಸತ್ತಿದ್ದವು. ಸೂಕ್ಷ್ಮರಂಧ್ರಗಳುಳ್ಳ ಸುಣ್ಣಕಲ್ಲಿನಲ್ಲಿದ್ದವುಗಳ ಪೈಕಿ ಕೆಲವು ಬದುಕಿದ್ದವು. ಎರಡನೆಯ ವರ್ಷ ಅವೂ ಉಳಿಯಲಿಲ್ಲ. ಡಂಕಣನ ಕಪ್ಪೆಯ ವಾದವು ಅಲ್ಲಿಗೆ ಬಿದ್ದುಹೋಯಿತೆಂದೇ ಹೇಳಬೇಕು.

ಬಿದ್ದ ವಾದವು ಬೇರೊಂದು ರೂಪದಿಂದ ಎದ್ದುದು 2003ರಲ್ಲಿ. ಆ ವರ್ಷದ ಅಕ್ಟೋಬರ್ ತಿಂಗಳಲ್ಲಿ ಎಸ್. ಡಿ. ಬಿಜು ಎಂಬವರೂ ಬೆಲ್ಜಿಯಂ ದೇಶದ ಫ್ರಾಂಕಿ ಬೊಸ್ಸುಯ್ಟ್ ಎಂಬವರೂ ಸೇರಿ, ಸಹ್ಯಾದ್ರಿಯ ದಕ್ಷಿಣಭಾಗವಾದ ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ ದೊರೆತ ಕಪ್ಪೆಯೊಂದನ್ನು 'ನೇಚರ್' ಪತ್ರಿಕೆಯಲ್ಲಿ ವರ್ಣಿಸಿದರು. ಊದಿಕೊಂಡ ದುಂಡು ಮೈ, ನೇರಳೆಹಣ್ಣಿನ ಛಾಯೆಯ ಕಪ್ಪು ಚರ್ಮ, ಮೈಗೆ ಹೋಲಿಸಿದರೆ ತೀರ ಚಿಕ್ಕದಾದ ತಲೆ, ಹಂದಿಯ ಮೂತಿಯಂತೆ ಮುಂಚಾಚಿ ತುದಿಯಲ್ಲಿ ಬೆಳ್ಳಗಿರುವ ಮೂಗು, ಸಾಸಿವೆಯಂಥ ಕಣ್ಣು, ಮೋಟು ಕಾಲುಗಳು, ಹಿಂಗಾಲಿನಲ್ಲಿ ಸಲಿಕೆಯಂತೆ ಮಣ್ಣನ್ನು ತೋಡುವ ಗಡುಸಾದ ಗಂಟು: ಇವು ಅದರ ಲಕ್ಷಣಗಳು. ಗೆದ್ದಲು ಇರುವೆಗಳೇ ಅದರ ಆಹಾರ. ವರ್ಷದ ಬಹುಕಾಲವನ್ನು ಅದು ನೆಲದಡಿಯಲ್ಲಿಯೇ ಕಳೆಯುತ್ತದೆ. ಒಂದೂಕಾಲು ಮೀಟರಿನಿಂದ ಮೂರೂವರೆ ಮೀಟರಿಗೂ ಮಿಕ್ಕಿದ ಆಳದವರೆಗೆ ಅದು ದೊರೆತಿರುವುದುಂಟು. ಮುಂಗಾರಿನ ಮೊದಲ ಮಳೆಗಳಲ್ಲಿ ಗಂಡುಗಳು ಬಿಲದೊಳಗಿನಿಂದಲೇ ಕೂಗುತ್ತವೆ. ಆಗ ಕೆಲವು ದಿನಗಳ ಮಟ್ಟಿಗೆ ಹೊರಬಂದು ಹಳ್ಳದ ಕಲ್ಲುಗಳ ಸಂದಿನಲ್ಲಿ ಹೆಣ್ಣು ಸಾವಿರಗಟ್ಟಲೆ ಮೊಟ್ಟೆಗಳನ್ನಿಟ್ಟು ಮರಳಿ ಮಣ್ಣನ್ನು ಸೇರುತ್ತದೆ. ಇದರ ಕುಲಕ್ಕೆ ಹತ್ತಿರವಾದ ಬೇರೆ ಕುಲಗಳು ಭರತಖಂಡದಲ್ಲಿ ಎಲ್ಲಿಯೂ ಇಲ್ಲ. ಹಿಂದೂಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿವೆ. ಆ ದ್ವೀಪಗಳೂ ಭರತಖಂಡವೂ ಒಂದೇ ಭೂಭಾಗವಾಗಿದ್ದ ಕಾಲದಲ್ಲಿ, ಎಂದರೆ ಹತ್ತು ಕೋಟಿ ವರ್ಷಗಳಿಗೂ ಹಿಂದೆ, ಈ ಎರಡು ಶಾಖೆಗಳು ಅಗಲಿದುವೆಂದು ವಿದ್ವಾಂಸರು ಗಣಿಸಿದ್ದಾರೆ. ಈ ಕಾರಣದಿಂದ ಇದಕ್ಕೊಂದು ಹೊಸ ಕುಲವನ್ನೇ ಕಲ್ಪಿಸಲಾಯಿತು. 'ಜೀವಂತ ಪಳೆಯುಳಿಕೆ' ಎಂಬ ಬಿರುದೂ ಇದಕ್ಕೆ ಬಂದಿತು.

ಈ ಬಿರುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ. ಇದನ್ನು ಮೊದಲು ಪ್ರಯೋಗಿಸಿದವನು ಡಾರ್ವಿನ್. 1859ರ ತನ್ನ ಗ್ರಂಥದಲ್ಲಿ ಬಾತುಮೂತಿಯ ಸಸ್ತನಿಯೇ ಮೊದಲಾದವುಗಳನ್ನು ಅವನು ಹೀಗೆ ಕರೆದನು. ಶಿಲೆಯಾಗಿ ಉಳಿದ ನಿಜವಾದ ಕಪ್ಪೆಗಳು ಬೇರೆ ಉಂಟು. ಮುಂಬಯಿಯ ವರಳಿಯಲ್ಲಿ, ದಖ್ಖನ್ನಿನ ಅಗ್ನಿಶಿಲೆಯ ಪದರುಗಳ ನಡುವಣ ಕೆಸರುಗಲ್ಲಿನಲ್ಲಿ, ಚಿಕ್ಕ ಕಪ್ಪೆಗಳ ಅಸ್ಥಿಪಂಜರಗಳು ದೊರೆತುವು. ಅವನ್ನು 1847ರಲ್ಲಿ ರಿಚರ್ಡ್ ಓವೆನ್ ವರ್ಣಿಸಿದನು. ಧಾರವಾಡದ ಸುತ್ತಣ ಬಂಡೆಗಳಲ್ಲಿ ಅಂತಹವನ್ನು ಹುಡುಕುವುದು ವ್ಯರ್ಥ. ಬ್ರೂಸ್ ಫೂಟನು ಈ ಊರಿನ ಹೆಸರಿನಿಂದಲೇ ಕರೆದ ಆ ಶಿಲಾಸ್ತೋಮವು 250 ಕೋಟಿ ವರ್ಷಗಳಿಗೂ ಹಳೆಯದು. ಅದು ಘನವಾದಾಗ ಕಪ್ಪೆಯಿರಲಿ, ಬೆನ್ನೆಲುಬುಳ್ಳ ಯಾವ ಪ್ರಾಣಿಯೂ ಲೋಕದಲ್ಲಿರಲಿಲ್ಲ. ಇಡುಕ್ಕಿಯ ಕಪ್ಪೆಯಾದರೋ ಶಿಲೆಯಾದುದಲ್ಲ. ಅದರ ಕುಲವು ಪ್ರಾಚೀನವೇ ಹೊರತು ವ್ಯಕ್ತಿಯು ಪ್ರಾಚೀನವಲ್ಲ. ವಸಿಷ್ಠಗೋತ್ರದವನೊಬ್ಬನು ಇಂದು ಸಂಧ್ಯಾವಂದನೆಯಲ್ಲಿ ಪ್ರವರವನ್ನು ಹೇಳಿಕೊಂಡರೆ ಅವನನ್ನು ಋಗ್ವೇದಕಾಲದ ಮನುಷ್ಯನೆಂದು ಯಾರೂ ತಿಳಿಯುವುದಿಲ್ಲ. ಕಪ್ಪೆಯ ವಿಷಯದಲ್ಲಿ ಮಾತ್ರ ಪಂಡಿತರೂ ಈ ಅವಿವೇಕಕ್ಕೆ ಎಡೆಗೊಡುತ್ತಾರೆ. ಅಷ್ಟು ದೀರ್ಘಕಾಲದಲ್ಲಿ ಆ ಕುಲವೂ ತನ್ನ ನೆಲಕ್ಕೆ ತಕ್ಕಂತೆ ಮಾರ್ಪಟ್ಟಿರಲೇಬೇಕು. ಸಲಿಕೆಯ ಕಾಲೂ ಹಂದಿಯ ಮೂತಿಯೂ ಅದಕ್ಕೆ ಸಾಕ್ಷಿ.

ಹೆಸರಿನ ವಿಚಾರವು ಇದಕ್ಕಿಂತ ಸ್ವಾರಸ್ಯಕರವಾದುದು. ಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು 'ನಾಸಿಕಾಬಟ್ರಾಕಸ್ ಸಹ್ಯಾದ್ರೆನ್ಸಿಸ್'. ಇದರಲ್ಲಿ ನಾಸಿಕಾಶಬ್ದವು ಸಂಸ್ಕೃತ, ಕಪ್ಪೆಯೆಂಬರ್ಥದ ಬಟ್ರಾಕೋಸ್ ಗ್ರೀಕ್, ಸಹ್ಯಾದ್ರಿಯು ಪುನಃ ಸಂಸ್ಕೃತ, ಕೊನೆಯ ಪ್ರತ್ಯಯವು ಲ್ಯಾಟಿನ್. ಸಂಸ್ಕೃತ ಕನ್ನಡ ಪದಗಳೆರಡನ್ನು ಕೂಡಿಸುವುದನ್ನೇ ಅರಿಸಮಾಸವೆಂದು ತಡೆದು, ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗಗಳಲ್ಲಿಯೂ ಮಾತ್ರ ಅದಕ್ಕೆ ಅನುಮತಿಯಿತ್ತ ಕೇಶಿರಾಜನು ಈ ತ್ರಿಭಾಷಾಸಮಾಸವನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೆ ಇದೂ ಒಂದು ಬಗೆಯ ಬಿರುದೇ ಆದುದರಿಂದ ಕ್ಷಮ್ಯವೆನ್ನಬಹುದು. ಕ್ಷಮ್ಯವಲ್ಲದ ಸಂಗತಿಯೊಂದಿದೆ. ಈ ಕಪ್ಪೆಯನ್ನು ಆ ಬೆಟ್ಟಗಳ ಜನರು 2003ಕ್ಕೆ ಬಹಳ ಮುಂಚೆಯೇ ಅರಿತಿದ್ದರು. ಮಲಯಾಳದಲ್ಲಿ ಇದಕ್ಕೆ ಪಾತಾಳತವಳ ಎಂದು ಹೆಸರು. ತವಳ ಎಂದರೆ ಕಪ್ಪೆ. ಮಹಾಬಲಿಯ ಹೆಸರಿನಿಂದ ಕರೆಯುವುದೂ ಉಂಟು. ಪಾತಾಳದಿಂದ ವರ್ಷಕ್ಕೊಮ್ಮೆ ಬಂದುಹೋಗುವುದೇ ಅದಕ್ಕೆ ನಿಮಿತ್ತ. ಬಲಿಯು ಕೇರಳಕ್ಕೆ ಓಣಂ ಹಬ್ಬದಲ್ಲಿಯೂ ಕರ್ಣಾಟಕಕ್ಕೆ ಬಲಿಪಾಡ್ಯಮಿಯ ದಿನವೂ ಬರುವನೆಂದು ನಂಬುಗೆಯಿರುವುದರಿಂದ, ಮುಂಗಾರಿನಲ್ಲಿ ಬರುವ ಕಪ್ಪೆಗೆ ಕಾಲದ ಹೊಂದಿಕೆಯಿಲ್ಲ. ಸಾಧರ್ಮ್ಯವಿರುವುದು 'ವರ್ಷಕ್ಕೊಮ್ಮೆ' ಎಂಬುದರಲ್ಲಿ ಮಾತ್ರ. ಹಾಗಿದ್ದರೂ, ಮೂಗನ್ನು ಮಾತ್ರ ಹಿಡಿದ ಶಾಸ್ತ್ರನಾಮಕ್ಕಿಂತ ಪ್ರಾಣಿಯ ಜೀವನಕ್ರಮವನ್ನೇ ಹಿಡಿದ ಈ ಲೋಕನಾಮವು ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಕನ್ನಡದಲ್ಲಿ 'ನೇರಳೆ ಕಪ್ಪೆ', 'ಹಂದಿಮೂಗಿನ ಕಪ್ಪೆ' ಎಂದು ಇಂಗ್ಲಿಷಿನಿಂದ ತಿರುಗಿಸುವ ಬದಲು ಪಾತಾಳಮಂಡೂಕವೆಂದರೆ ವ್ಯಾಕರಣಕ್ಕೂ ಅರ್ಥಕ್ಕೂ ಬಾಧೆಯಿಲ್ಲ.

ಇದರ ಗೊದಮೊಟ್ಟೆಯ ವೃತ್ತಾಂತವು ಇನ್ನೂ ಹಿಂದಿನದು. ಹೆಬ್ಬಳ್ಳದ ಸೆಳವಿನಲ್ಲಿ ಬಾಯಿಂದಲೇ ಬಂಡೆಯನ್ನು ಕಚ್ಚಿಹಿಡಿದು ನಿಲ್ಲುವ ವಿಚಿತ್ರವಾದ ಗೊದಮೊಟ್ಟೆಯೊಂದನ್ನು 1917–18ರ ಸುಮಾರಿಗೆ ನೆಲ್ಸನ್ ಅನ್ನಂಡೇಲ್ ಮತ್ತು ಸಿ. ಆರ್. ನಾರಾಯಣರಾಯರು ವರ್ಣಿಸಿದ್ದರು. ಅದರ ತಾಯಿತಂದೆಗಳಾರೆಂಬುದು ಅಂದು ತಿಳಿದಿರಲಿಲ್ಲ. ಎಂಬತ್ತೈದು ವರ್ಷಗಳು ಕಳೆದ ಮೇಲೆ, ತಾಯಿಗೆ ಹೆಸರಿಟ್ಟ ನಂತರ, ಮಗುವು ಅದರದೆಂದು ನಿಶ್ಚಯವಾಯಿತು. ಈ ನಾರಾಯಣರಾಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದವರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಅವರ ಮಾತು ಮುಂದೆ ಬರುತ್ತದೆ.

ಈಗ ಪ್ರಾಚೀನರು ಕಪ್ಪೆಯನ್ನು ಹೇಗೆ ಕಂಡರೆಂಬುದನ್ನು ನೋಡಬೇಕು. ಯಾಸ್ಕನು ಮಂಡೂಕಶಬ್ದಕ್ಕೆ ಒಂದಲ್ಲ, ಹಲವು ವ್ಯುತ್ಪತ್ತಿಗಳನ್ನು ಕೊಡುತ್ತಾನೆ: ಮುಳುಗುವುದರಿಂದ, ಹರ್ಷಿಸುವುದರಿಂದ, ತೃಪ್ತಿಪಡುವುದರಿಂದ, ನೀರೇ ಮನೆಯಾಗಿರುವುದರಿಂದ ಎಂದು. ಮಳೆಯನ್ನು ಬಯಸಿ ವಸಿಷ್ಠನು ಪರ್ಜನ್ಯನನ್ನು ಸ್ತುತಿಸಲು ಕಪ್ಪೆಗಳು ಅನುಮೋದಿಸಿದುವೆಂದೂ, ಅದರಿಂದ ಪ್ರೀತನಾಗಿ ಅವನು ಕಪ್ಪೆಗಳನ್ನೇ ಸ್ತುತಿಸಿದನೆಂದೂ ಅವನು ಹೇಳುವ ಇತಿಹಾಸವನ್ನು ವಿಜಯನಗರದ ಸಾಯಣಾಚಾರ್ಯರೂ ಅಂಗೀಕರಿಸಿದ್ದಾರೆ. ಆ ಸ್ತುತಿಯೇ ಋಗ್ವೇದದ ಏಳನೆಯ ಮಂಡಲದ 103ನೆಯ ಸೂಕ್ತ. ಪಾಶ್ಚಾತ್ಯರಲ್ಲಿ ಮ್ಯಾಕ್ಸ್ ಮುಲ್ಲರನು ಇದನ್ನು ಬ್ರಾಹ್ಮಣರ ಪರಿಹಾಸವೆಂದು ಎಣಿಸಿದನು. ವೃಷ್ಟಿಕಾಮನೆಯ ಮಂತ್ರವೆಂಬುದೇ ಸಂಪ್ರದಾಯಕ್ಕೂ ಯುಕ್ತಿಗೂ ಒಪ್ಪುವ ಪಕ್ಷ. ಹುಬ್ಬಳ್ಳಿ ಧಾರವಾಡಗಳ ಸುತ್ತಣ ಹಳ್ಳಿಗಳಲ್ಲಿ ಮಳೆ ತಡೆದಾಗ ಮಕ್ಕಳು ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗಿ ನೀರು ಹೊಯ್ಯಿಸಿಕೊಳ್ಳುವುದನ್ನೂ, ಬೇರೆಡೆಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸುವುದನ್ನೂ ಬಲ್ಲವರಿಗೆ ಈ ಸೂಕ್ತದಲ್ಲಿ ಪರಿಹಾಸವು ಕಾಣಲಾರದು.

ಪ್ರಕೃತಕ್ಕೆ ಬೇಕಾದುದು ಆ ಸೂಕ್ತದ ಅವಲೋಕನಶಕ್ತಿ. ವ್ರತಸ್ಥರಾದ ಬ್ರಾಹ್ಮಣರಂತೆ ವರ್ಷವಿಡೀ ಮಲಗಿದ್ದು ಮಳೆಗಾಲದಲ್ಲಿ ದನಿಯೆತ್ತುವುದು, ಗುರುವಿನ ಮಾತನ್ನು ಶಿಷ್ಯನು ಹೇಳುವಂತೆ ಒಂದರ ಕೂಗನ್ನು ಮತ್ತೊಂದು ಹೇಳುವುದು, ಒಂದಕ್ಕೆ ಹಸುವಿನ ದನಿ ಮತ್ತೊಂದಕ್ಕೆ ಆಡಿನ ದನಿ ಇರುವುದು, ಒಂದು ಚುಕ್ಕೆಯದೂ ಮತ್ತೊಂದು ಹಸುರೂ ಆಗಿರುವುದು, ಬತ್ತಿದ ಕೆರೆಯಲ್ಲಿ ಒಣಗಿದ ತೊಗಲಿನ ಚೀಲದಂತೆ ಬಿದ್ದಿರುವುದು: ಇವೆಲ್ಲ ಕಣ್ಣಾರೆ ಕಂಡು ಕಿವಿಯಾರೆ ಕೇಳಿದವನ ಮಾತುಗಳು. ಪಾತಾಳಮಂಡೂಕವನ್ನು ಆ ಋಷಿಯು ಕಂಡಿದ್ದನೆಂದು ಹೇಳುವುದು ಹುಚ್ಚುತನ. ಸಪ್ತಸಿಂಧುವಿಗೂ ಇಡುಕ್ಕಿಗೂ ಇರುವ ದೂರವನ್ನು ಮರೆಯಬಾರದು. ಆದರೂ ಆ ತೊಗಲಿನ ಚೀಲದ ಉಪಮಾನಕ್ಕಿಂತ ಮಿಗಿಲಾದುದು ಈ ಕಪ್ಪೆಯ ಆಕಾರಕ್ಕೆ ದೊರೆಯುವುದು ಕಷ್ಟ. ಅಮರಸಿಂಹನು ಕೊಡುವ ಭೇಕ, ಮಂಡೂಕ, ವರ್ಷಾಭೂ, ಶಾಲೂರ, ಪ್ಲವ, ದರ್ದುರ ಎಂಬ ಪರ್ಯಾಯಗಳಲ್ಲಿ ವರ್ಷಾಭೂ ಎಂಬುದು, ಎಂದರೆ ಮಳೆಗಾಲದಲ್ಲಿ ಹುಟ್ಟುವುದು, ಇದಕ್ಕೆ ಅಕ್ಷರಶಃ ಒಪ್ಪುವ ಹೆಸರು.

ನೆಲದಡಿಯ ಕಪ್ಪೆಯ ಮಾತು ವಿಶೇಷವಾಗಿ ಬರುವುದು ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ. ಕ್ರಿಸ್ತಶಕ 6ನೆಯ ಶತಮಾನದ ಈ ಆಚಾರ್ಯನು ಭೂಗತಜಲವನ್ನು ಕಂಡುಹಿಡಿಯುವ ಚಿಹ್ನೆಗಳನ್ನು ಹೇಳುವಾಗ, ನೀರಿಲ್ಲದ ಎಡೆಯಲ್ಲಿ ವೇತಸವಿದ್ದರೆ ಅದಕ್ಕೆ ಪಶ್ಚಿಮದಲ್ಲಿ ಮೂರು ಮೊಳದ ದೂರದಲ್ಲಿ ಒಂದೂವರೆ ಪುರುಷದ ಆಳಕ್ಕೆ ನೀರುಂಟೆಂದೂ, ಅರ್ಧಪುರುಷದಷ್ಟು ಅಗೆದಾಗ ಬಿಳಿಹಳದಿಯ ಕಪ್ಪೆಯು ಸಿಕ್ಕುವುದೇ ಅದರ ಗುರುತೆಂದೂ ಹೇಳುತ್ತಾನೆ. ಬೇರೆ ಮರಗಳ ಪ್ರಕರಣಗಳಲ್ಲಿಯೂ ಕಪ್ಪೆಗಳು ಬರುತ್ತವೆ. ಪುರುಷವೆಂದರೆ 120 ಅಂಗುಲಗಳ ಮಾನ. ಪಾತಾಳಮಂಡೂಕವು ದೊರೆತಿರುವ ಆಳಗಳನ್ನು ಈ ಮಾನಕ್ಕೆ ತಿರುಗಿಸಿದರೆ, ಅರ್ಧಪುರುಷಕ್ಕಿಂತ ತುಸು ಹೆಚ್ಚಿನಿಂದ ಒಂದೂವರೆ ಪುರುಷದವರೆಗೆ ಎಂದಾಗುತ್ತದೆ. ಗುದ್ದಲಿ ಹಿಡಿದವರ ಅನುಭವವು ಶಾಸ್ತ್ರಕ್ಕೆ ಏರಿದ ಬಗೆಗೆ ಇದೊಂದು ನಿದರ್ಶನ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನು 1025ರ ತನ್ನ ಲೋಕೋಪಕಾರದಲ್ಲಿ ಈ ಜಲಶೋಧನದ ವಿಷಯವನ್ನು ದೇಶಭಾಷೆಗೆ ತಂದನು. ಬಾದಾಮಿಯ ಬಂಡೆಯ ಮೇಲಿನ, ಸುಮಾರು ಕ್ರಿಸ್ತಶಕ 700ರ ಶಾಸನದಲ್ಲಿ ಕಪ್ಪೆಯೆಂಬ ಶಬ್ದವು ಅರಭಟ್ಟನ ಹೆಸರಿಗೆ ಹತ್ತಿಕೊಂಡೇ ಬರುತ್ತದೆ. ಅಲ್ಲಿ ಅದು ಪ್ರಾಣಿವಾಚಕವೆಂದು ಸಾಧಿಸಹೊರಡುವುದು ಮಾತ್ರ ಸಾಹಸದ ಕೆಲಸ.

ಹೀಗೆ ಶಬ್ದದಲ್ಲಿಯೂ ಲಕ್ಷಣದಲ್ಲಿಯೂ ಕಪ್ಪೆಯು ಹೇರಳವಾಗಿ ದೊರೆಯುತ್ತದೆ. ಚಿತ್ರದಲ್ಲಿ ಅದಕ್ಕೆ ಆ ಭಾಗ್ಯವಿಲ್ಲ. ಆನೆ, ಕುದುರೆ, ಹಂಸ, ನವಿಲುಗಳಿಗೆ ದೊರೆತ ಕುಂಚವು ಕಪ್ಪೆಯ ಕಡೆಗೆ ತಿರುಗಿದ್ದು ಅಪೂರ್ವ. ಇದಕ್ಕೆ ಕಾರಣವು ಚಿತ್ರಶಾಸ್ತ್ರದ ಅಭಾವವಲ್ಲ. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಪ್ರಕರಣವು ವಿಸ್ತಾರವಾಗಿದೆ. ಧಾರವಾಡದ ನೆಲವು ಅವನ ಆಳಿಕೆಯೊಳಗಿದ್ದುದು. ಆದುದರಿಂದ ಅದನ್ನು ಈ ನಾಡಿನ ಸ್ವಂತ ಶಾಸ್ತ್ರವೆಂದೇ ಎಣಿಸಬೇಕು. ಗೋಡೆಯ ಸಂಸ್ಕಾರ, ವಜ್ರಲೇಪ, ವರ್ಣಗಳು, ಲೇಖನಿ, ಇವುಗಳನ್ನೆಲ್ಲ ಹೇಳಿ ಅವನು ಚಿತ್ರಭೇದಗಳನ್ನು ಎಣಿಸುತ್ತಾನೆ. ಕನ್ನಡಿಯಲ್ಲಿ ತೋರುವ ಪ್ರತಿಬಿಂಬದಂತೆ ಸಾದೃಶ್ಯವನ್ನು ಬರೆದುದು ವಿದ್ಧಚಿತ್ರ. ಬರೆಯಬೇಕೆಂಬ ಆಕಸ್ಮಿಕ ಸಂಕಲ್ಪದಿಂದ ಆಕಾರಮಾತ್ರವನ್ನು ಮೂಡಿಸಿದುದು ಅವಿದ್ಧಚಿತ್ರ. ಅದೇ ಗ್ರಂಥದಲ್ಲಿ ಅರಸನು ಮೀನುಗಳ ಜಾತಿಗಳನ್ನು, ಅವು ಇರುವ ನೀರನ್ನು, ತಿನ್ನುವ ಆಹಾರವನ್ನು ಬೇರೆ ಬೇರೆಯಾಗಿ ಹೇಳಿರುವುದನ್ನು ನೋಡಿದರೆ, ಪ್ರಾಣಿಯನ್ನು ಬಲ್ಲವನೂ ಚಿತ್ರವನ್ನು ಬಲ್ಲವನೂ ಒಬ್ಬನೇ ಆಗಿದ್ದನೆಂಬುದು ಸ್ಪಷ್ಟ. ಆ ಎರಡು ಅಧ್ಯಾಯಗಳು ಒಂದಕ್ಕೊಂದು ಸೇರಲಿಲ್ಲವೆಂಬುದೇ ಕೊರತೆ. ಸೇರಿದ್ದರೆ ಇಂದು ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿ ಕಾಣುವ ಚಿತ್ರಗಳಿಗೆ ವಿದ್ಧವೆಂಬ ಹೆಸರು ಎಂದೋ ಸಲ್ಲುತ್ತಿತ್ತು.

ಆ ಸೇರುವೆಯು ನಡೆದುದು ಬೇರೆಯವರ ಕೈಯಿಂದ. ವಾಲ್ಟರ್ ಎಲಿಯಟನ ಹೆಸರು ಕರ್ಣಾಟಕದ ಇತಿಹಾಸಾಭ್ಯಾಸಿಗಳಿಗೆ ಹೊಸದಲ್ಲ. ಮದರಾಸಿನ ಸಿವಿಲ್ ಸೇವೆಯವನಾಗಿ ಬಂದು, 1824ರಲ್ಲಿ ಕಿತ್ತೂರಿನ ಕೋಟೆಯಲ್ಲಿ ಸೆರೆಯಾಗಿ ಬಿಡುಗಡೆ ಹೊಂದಿ, ಬಳಿಕ ಹಲವು ವರ್ಷ ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದು, ಕನ್ನಡ ಶಾಸನಗಳ ಸುಮಾರು 600 ಪ್ರತಿಗಳನ್ನು ಅವನು ಕೂಡಿಸಿದನು. ಫ್ಲೀಟ್ ಮೊದಲಾದವರ ಕೆಲಸಕ್ಕೆ ಅದು ಅಡಿಗಲ್ಲಾಯಿತು. ಇದೇ ಎಲಿಯಟನು ಪ್ರಾಣಿಶಾಸ್ತ್ರಜ್ಞನೂ ಆಗಿದ್ದನೆಂಬುದನ್ನು ಇತಿಹಾಸಜ್ಞರು ಅಷ್ಟಾಗಿ ನೆನೆಯುವುದಿಲ್ಲ. ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳನ್ನು ಕುರಿತ ಅವನ ಪಟ್ಟಿಯು 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಕನ್ನಡಿಗರೂ ವಡ್ಡರೂ ಬಳಸುವ ಹೆಸರುಗಳನ್ನು ಅವನು ಎಚ್ಚರದಿಂದ ಬರೆದುಕೊಂಡಿದ್ದಾನೆ. ಧಾರವಾಡದ ಎರೆಹೊಲಗಳ ಇಲಿಯೊಂದಕ್ಕೆ ವಡ್ಡರಿಟ್ಟ ಹೆಸರು 'ಮೆಲ್ಟಾಡ' ಎಂಬ ರೂಪದಿಂದ ಲ್ಯಾಟಿನ್ ನಾಮದಲ್ಲಿ ಇಂದಿಗೂ ನಿಂತಿದೆ. ಇಲಿಗೆ ದೊರೆತ ಈ ನ್ಯಾಯವು 2003ರಲ್ಲಿ ಕಪ್ಪೆಗೆ ದೊರೆಯದಿದ್ದುದು ಶೋಚನೀಯ.

ಎಲಿಯಟನು ಮುಂದೆ ಆಂಧ್ರತೀರದಲ್ಲಿದ್ದಾಗ ದೇಶೀಯ ಚಿತ್ರಕಾರರಿಂದ ಮೀನು ಮುಂತಾದ ಜಲಚರಗಳ ಚಿತ್ರಗಳನ್ನು ಬರೆಯಿಸಿದನು. ಅವನ ಸಮಕಾಲೀನನಾದ ಜೆರ್ಡನನ ಪಕ್ಷಿಗ್ರಂಥದ 50 ಫಲಕಗಳಿಗೂ, 1843ರಿಂದ 1847ರವರೆಗೆ ಹೊರಬಂದವು, ಮದರಾಸಿನ ದೇಶೀಯ ಚಿತ್ರಕಾರರದೇ ಕೈ. ಬರೆಯಿಸಿದವನ ಹೆಸರು ಪುಸ್ತಕದ ಮೇಲೆ ದೊಡ್ಡದಾಗಿ ನಿಂತಿತು. ಬರೆದವರ ಹೆಸರು ಬಹುಮಟ್ಟಿಗೆ ಅಳಿಯಿತು. ಈ ವಿಷಯದಲ್ಲಿ ಬೇಲೂರಿನ ದಾಸೋಜ ಚಾವಣರು ಭಾಗ್ಯವಂತರು. ಮೊಗಲರ ಆಸ್ಥಾನದಲ್ಲಿಯೂ ಸ್ಥಿತಿಯು ಇದಕ್ಕಿಂತ ಮೇಲಾಗಿತ್ತು: ಜಹಾಂಗೀರನು ತನ್ನ ಚಿತ್ರಕಾರನಾದ ಮನ್ಸೂರನನ್ನು ಹೆಸರು ಹಿಡಿದು ಹೊಗಳಿದ್ದಾನೆ. ಮನ್ಸೂರನದೆಂದು ಹೇಳಲಾಗುವ ಡೋಡೊ ಪಕ್ಷಿಯ ಚಿತ್ರವು, ಆ ಪಕ್ಷಿಕುಲವೇ ನಷ್ಟವಾದ ಮೇಲೆ, ಅದರ ಬಣ್ಣಕ್ಕೆ ಉಳಿದ ಅತ್ಯಲ್ಪ ಪ್ರಮಾಣಗಳಲ್ಲಿ ಒಂದಾಗಿದೆ.

ಚಿತ್ರವು ಪ್ರಮಾಣವಾಗುವ ಈ ಸಂದರ್ಭವು ಕನ್ನಡನಾಡಿನಲ್ಲಿಯೇ ಒದಗಿತು. ನಾರಾಯಣರಾಯರು 1937ರಲ್ಲಿ ದಕ್ಷಿಣಭಾರತದ ಹಲವು ಹೊಸ ಕಪ್ಪೆಗಳನ್ನು ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವರ್ಣಿಸಿದರು. ಅವುಗಳಲ್ಲೊಂದು ಅಂದಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರದ್ದು. ಆ ಊರಿನ ಹೆಸರೇ ಅದಕ್ಕೆ ಬಂದಿತು. ಆದರೆ ಅವರು ಹೆಸರಿಡುವುದಕ್ಕೆ ಆಧಾರವಾಗಿಟ್ಟುಕೊಂಡ ಮೂಲಮಾದರಿಗಳು ಕಾಲಕ್ರಮದಲ್ಲಿ ಕಳೆದುಹೋದವು. ಅನಂತರದ ಶೋಧಕರಿಗೆ ಉಳಿದುದು ಅವರ ವರ್ಣನೆಯೂ ಚಿತ್ರಗಳೂ ಮಾತ್ರ. ಮಾತೃಕೆಯು ನಷ್ಟವಾದ ಗ್ರಂಥವನ್ನು ವ್ಯಾಖ್ಯಾನದಲ್ಲಿ ಉಳಿದ ಪ್ರತೀಕಗಳಿಂದ ಉದ್ಧರಿಸುವ ಸಂಪಾದಕನ ಕಷ್ಟವು ಇವರಿಗೂ ಬಂದಿತೆನ್ನಬಹುದು. ಒಂದೊಂದು ಗೆರೆಯೂ ಅಂತಹ ಸಮಯದಲ್ಲಿ ಶಾಸನದ ಅಕ್ಷರದಷ್ಟೇ ತೂಕವುಳ್ಳದ್ದು. 2010ರಲ್ಲಿ ಪೊದೆಗಪ್ಪೆಗಳ ಒಂದು ಇಡೀ ಪಂಗಡಕ್ಕೆ ರಾಯರ ಹೆಸರನ್ನು ಸೇರಿಸಿ ಗೌರವಿಸಲಾಯಿತು.

ಈಗ ಮೂಲಪ್ರಶ್ನೆಗೆ ಬರಬಹುದು. ಪಾತಾಳಮಂಡೂಕದ ವಿದ್ಧಚಿತ್ರವನ್ನು ಬರೆಯಬೇಕಾದವನು ಏನನ್ನು ನೋಡಿ ಬರೆಯಬೇಕು? ವಸ್ತುಸಂಗ್ರಹಾಲಯದ ಸೀಸೆಯಲ್ಲಿ ಮದ್ಯಸಾರದಲ್ಲಿರುವ ಮಾದರಿಯು ಅಳತೆಗೆ ಯೋಗ್ಯ. ಬೆರಳು ಬೆರಳಿನ ಉದ್ದವನ್ನು ನಿಶ್ಚಿಂತೆಯಿಂದ ಅಲ್ಲಿ ತೆಗೆಯಬಹುದು. ಆದರೆ ಸಾರವು ಮೊದಲು ನುಂಗುವುದು ಬಣ್ಣವನ್ನೇ. ನೇರಳೆಯು ಬೂದಿಯಾಗುತ್ತದೆ, ತೇವದ ಹೊಳಪು ಹೋಗುತ್ತದೆ, ಉಬ್ಬಿದ ಮೈ ಜೋಲುತ್ತದೆ. ಬಿಲದಿಂದ ತೆಗೆದು ಹಲಗೆಯ ಮೇಲಿಟ್ಟ ಜೀವಂತ ಕಪ್ಪೆಯಲ್ಲಿಯೂ ದೋಷವುಂಟು. ಒತ್ತುವ ಮಣ್ಣಿಲ್ಲದ ಕಾರಣ ಅದು ಇಳಿದ ಕಣಕದ ಮುದ್ದೆಯಂತೆ ಹರಡುತ್ತದೆ. ಲೋಕದಲ್ಲಿ ಪ್ರಸಿದ್ಧವಾದ ಅದರ ಚಿತ್ರಗಳಲ್ಲಿ ಹೆಚ್ಚಿನವು ಈ ಮುದ್ದೆಯನ್ನೇ ತೋರಿಸಿ ನಗೆಗೆ ಎಡೆಮಾಡಿವೆ. ಹಿಂಗಾಲುಗಳಿಂದ ಮಣ್ಣನ್ನು ತಳ್ಳುತ್ತ ಹಿಂದುಹಿಂದಕ್ಕೆ ಇಳಿಯುವಾಗ ಅದರ ಮೈಯಲ್ಲಿರುವ ಬಿಗಿಯು ಅಲ್ಲಿ ಕಾಣದು.

ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಚಿತ್ರಜ್ಞನೆಂಬ ಹೆಸರಿಗೆ ತಕ್ಕವನಾರೆಂಬುದನ್ನು ಹೇಳುವ ಎಡೆಯೊಂದಿದೆ. ಅಲೆ, ಜ್ವಾಲೆ, ಹೊಗೆ, ಪತಾಕೆಗಳನ್ನು ಗಾಳಿಯ ಗತಿಗೆ ತಕ್ಕಂತೆ ಬರೆಯಬಲ್ಲವನು ಚಿತ್ರಜ್ಞನು. ಮಲಗಿದವನನ್ನು ಚೇತನವುಳ್ಳವನಾಗಿಯೂ ಸತ್ತವನನ್ನು ಚೇತನವಿಲ್ಲದವನಾಗಿಯೂ ಬೇರ್ಪಡಿಸಿ ತೋರಿಸಬಲ್ಲವನೂ ಚಿತ್ರಜ್ಞನು. ಈ ಎರಡನೆಯ ಲಕ್ಷಣವು ಪಾತಾಳಮಂಡೂಕಕ್ಕಾಗಿಯೇ ಹೇಳಿದಂತಿದೆ. ವರ್ಷದ ಹೆಚ್ಚು ದಿನ ಮಣ್ಣಿನಲ್ಲಿ ಮೌನವಾಗಿರುವ ಪ್ರಾಣಿಯನ್ನು ಸತ್ತುದರಿಂದ ಬೇರ್ಪಡಿಸುವುದು ಗಂಟಲಿನ ಸಣ್ಣ ಮಿಡಿತ, ಚರ್ಮದ ಪಸೆ, ಅಡ್ಡಲಾಗಿ ಸೀಳಿದ ಪಾಪೆಯ ಕಿರುಗಣ್ಣು, ಇಷ್ಟೇ. ಇವನ್ನು ಬಿಟ್ಟು ಉಳಿದುದನ್ನೆಲ್ಲ ಕೂದಲೆಳೆಯೂ ತಪ್ಪದಂತೆ ಬರೆದರೂ ಅದು ಶವಚಿತ್ರವೇ. 'ಪಳೆಯುಳಿಕೆ' ಎಂಬ ಮಾತು ಚಿತ್ರಕಾರನ ಕೈಯನ್ನು ಕೆಡಿಸುವುದೂ ಇಲ್ಲಿಯೇ. ಕಲ್ಲನ್ನು ಬರೆಯುತ್ತಿದ್ದೇನೆಂಬ ಭಾವನೆಯಿಂದ ಬರೆದವನು ಕಲ್ಲನ್ನೇ ಬರೆಯುತ್ತಾನೆ. ಡಂಕಣನ ಕಥೆಯಲ್ಲಿಯಾದರೋ ಕಲ್ಲಿನೊಳಗಿನಿಂದ ಬಂದುದು ಜೀವಂತವಾದುದು; ಗಂಧವು ಒಣಗದೆ ಉಳಿದ ಆ ನಾಭಿಯ ತೇವದಿಂದಲೇ ಯುವಕನು ಅದನ್ನು ಗುರುತಿಸಿದನು. ಕಥೆಗಾರನು ಈ ಅಂಶದಲ್ಲಿ ಕೆಲವು ಚಿತ್ರಕಾರರಿಗಿಂತ ಮುಂದಿದ್ದಾನೆ.

ಬಣ್ಣದ ವಿಷಯದಲ್ಲಿ ಒಂದು ಮಾತು. ಈ ಕಪ್ಪೆಯ ನೇರಳೆಯು ಹೂವಿನ ನೇರಳೆಯಲ್ಲ; ಕಪ್ಪಿನೊಳಗೆ ಕೆಂಪುನೀಲಿಗಳು ಅಡಗಿದ್ದು ನೀರು ತಾಗಿದಾಗ ಮಾತ್ರ ಹೊಮ್ಮುವಂಥದು. ಅರಗಿನಿಂದ ತೆಗೆದ ಅಲಕ್ತಕವನ್ನೂ ನೀಲಿಯನ್ನೂ ಪೊರೆಪೊರೆಯಾಗಿ ಕೊಟ್ಟು, ಕಾಡಿಗೆಯ ಕಪ್ಪನ್ನು ಕೊನೆಗೆ ಮಿತವಾಗಿ ಹಾಕುವ ಹಳೆಯ ಕ್ರಮವೇ ಇದಕ್ಕೆ ಅನುಕೂಲವಾದುದು. ಮೂರನ್ನೂ ಒಮ್ಮೆಗೆ ಕಲಸಿದರೆ ಕೆಸರಾಗುತ್ತದೆ. ಮೂತಿಯ ತುದಿಯ ಬಿಳಿಪನ್ನು ಶಂಖಚೂರ್ಣದಿಂದ ತುಂಬುವುದಕ್ಕಿಂತ ಕಾಗದದ ಬಿಳಿಯನ್ನೇ ಬಿಡುವುದು ಲೇಸು. ಹೆಣ್ಣಿನ ಬೆನ್ನಿನ ಹಿಂಭಾಗವನ್ನು ಹಿಡಿದುಕೊಂಡು ಹೋಗುವ ಗಂಡು ಅದರ ಮೂರನೆಯ ಒಂದು ಭಾಗದಷ್ಟೇ ದೊಡ್ಡದಿರುವುದರಿಂದ, ಎರಡನ್ನೂ ಒಂದೇ ಚಿತ್ರದಲ್ಲಿ ಬರೆದರೆ ತಾಯಿಮರಿಗಳೆಂಬ ಭ್ರಾಂತಿಯಾಗುತ್ತದೆ. ಅಡಿಬರಹವು ಅಲ್ಲಿ ಅವಶ್ಯ.

ಧಾರವಾಡಕ್ಕೆ ಈ ಕಪ್ಪೆಯು ದೂರದ್ದು. ಕರ್ಣಾಟಕದ ಸಹ್ಯಾದ್ರಿಯಲ್ಲಿ ಅದು ದೊರೆತಿಲ್ಲ. ಆದರೆ ಕಪ್ಪೆಯನ್ನು ನೋಡಿ ಕಲಿಯುವ ಪರಂಪರೆಯು ಈ ಊರಿಗೆ ಹೊಸದಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ ಮತ್ತು ಅವರ ಸಹೋದ್ಯೋಗಿಗಳು ಕಪ್ಪೆಗಳ ಸಂತಾನಕ್ರಮವನ್ನೂ, ಗೊದಮೊಟ್ಟೆಗಳು ಒಡಹುಟ್ಟಿದವುಗಳನ್ನು ಗುರುತಿಸುವ ಬಗೆಯನ್ನೂ ಹಲವು ವರ್ಷ ಪರಿಶೀಲಿಸಿ ಹೆಸರು ಪಡೆದರು. ಇದೇ ಊರಿನಲ್ಲಿ ಹಾಲಭಾವಿಯವರು ಸ್ಥಾಪಿಸಿದ ಚಿತ್ರಕಲಾಶಾಲೆಯೂ ಉಂಟು. ಕಲಘಟಗಿಯಿಂದ ಪಶ್ಚಿಮಕ್ಕೆ ಇಳಿದರೆ ಉತ್ತರಕನ್ನಡದ ಕಾಡು. ಅಲ್ಲಿನ ಕತ್ತಲೆಕಾನಿನ ಹಳ್ಳಗಳಲ್ಲಿರುವ ಇರುಳುಗಪ್ಪೆಯೊಂದನ್ನು 2014ರಲ್ಲಿ ಕೆ. ವಿ. ಗುರುರಾಜರೂ ಅವರ ಸಂಗಡಿಗರೂ ವರ್ಣಿಸಿದರು. ಅದೂ ಭರತಖಂಡದ ಪ್ರಾಚೀನ ಮಂಡೂಕಕುಲಗಳಲ್ಲೊಂದಕ್ಕೆ ಸೇರಿದುದು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಹಳ್ಳದ ಕೆಸರನ್ನು ಮುಂಗೈಗಳಲ್ಲಿ ತೆಗೆದುಕೊಂಡು, ಹಿಂಗಾಲುಗಳ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಈ ಕೆಲಸವನ್ನು ಕಂಡವರು ಅದಕ್ಕೆ ಗ್ರೀಕನ್ನಾಗಲಿ ಲ್ಯಾಟಿನ್ನನ್ನಾಗಲಿ ಹುಡುಕದೆ, ಕುಂಬಾರನೆಂಬ ಕನ್ನಡದ ಹೆಸರನ್ನೇ ಶಾಸ್ತ್ರದಲ್ಲಿ ನಿಲ್ಲಿಸಿದರು. ಕೆಸರನ್ನು ಹಿಡಿದು ಎದ್ದು ನಿಂತ ಆ ಕ್ಷಣವು ಛಾಯಾಚಿತ್ರಗಳಲ್ಲಿ ಮಸುಕಾಗಿಯೇ ದೊರೆಯುತ್ತದೆ. ಇರುಳಿನಲ್ಲಿ, ಹನಿಯುವ ಮಳೆಯಲ್ಲಿ, ಕೈದೀಪದ ಬೆಳಕಿನಲ್ಲಿ ಅದನ್ನು ನೋಡಿ ನೆನಪಿನಿಂದ ಬರೆಯಬೇಕು.